ಗಾಡಿ ಬಂದ ಹೊತ್ತು

ನಮ್ಮೂರು ಬೆಳಗಾವಿ ಜಿಲ್ಲೆಯ ಕೃಷ್ಣಾ ದಂಡೆಯಲ್ಲಿದೆ. ಅಪ್ಪನಿಗೆ ನಾಲ್ಕು ಎಕರೆ ಕಬ್ಬು. ನಾನು ಆರನೇ ಇಯತ್ತೆಯಲ್ಲಿದ್ದಾಗ, ಜನವರಿ ತಿಂಗಳಲ್ಲಿ, ಅಪ್ಪನ ಜೊತೆ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಎರಡು ರಾತ್ರಿ ಕಳೆದೆ. ಕಬ್ಬು ಹೇರಿದ ಗಾಡಿಯ ಕೆಳಗೆ ರವದಿ ಹಾಸಿ, ಅದರ ಮೇಲೆ ಕಂಬಳಿ ಹಾಸಿ ಮಲಗಿದ್ದೆವು. ಸುತ್ತ ಕಣ್ಣು ಹರಿದಷ್ಟು ದೂರ ಗಾಡಿಗಳು, ಕೊರಳ ಗಂಟೆ ಅಲ್ಲಾಡಿಸುತ್ತ ಮೆಲುಕು ಹಾಕುವ ಎತ್ತುಗಳು, ಕಾಕಂಬಿಯ ಸಿಹಿಹುಳಿ ವಾಸನೆ. ಎಲ್ಲೋ ಮುಂದೆ ಒಂದು ಗಾಡಿ ಸರಿದರೆ ಸಾಲಿನುದ್ದಕ್ಕೂ ಕೂಗು ಹರಿದುಬರುತ್ತಿತ್ತು. ಅಪ್ಪ ದಡಬಡಿಸಿ ಎದ್ದು ಎತ್ತು ಹೂಡಿ, ಹತ್ತು ಮಾರು ಮುಂದೆ ಹೋಗಿ, ಮತ್ತೆ ಕೊಳ್ಳು ಬಿಚ್ಚುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ನಮ್ಮ ಗಾಡಿ ಕಾಟಾ ಹತ್ತಿತು. ತೂಕ ಮಾಡಿದವರು ಕೊಟ್ಟ ಪಾವತಿಯನ್ನು ನಾನೇ ಓದಿದೆ. ಅದರಲ್ಲಿ ಆ ದಿನದ ತಾರೀಖು, ಬೆಳಿಗ್ಗೆಯ ವೇಳೆ, ಕಬ್ಬಿನ ತೂಕ ಇತ್ತು. “ಅಪ್ಪಾ, ನಾವು ಮೊನ್ನಿ ಸಂಜಿಗೇ ಬಂದೀವಲ್ಲ, ಇದರಾಗ ಇವತ್ತು ಬಂದಾರಂತ ಬರದಾರ?” ಅಂದೆ. ಅಪ್ಪ ಪಾವತಿಯನ್ನು ಮಡಚಿ ಅಂಗಿಯ ಒಳಕಿಸೆಗೆ ಹಾಕಿಕೊಂಡು, “ಕಾಟಾ ಹತ್ತಿದ ಮ್ಯಾಲೇನ ನಾವು ಬಂದಂಗ, ತಮ್ಮಾ” ಅಂದ.

ಅಪ್ಪ ಸಿಟ್ಟಿನಿಂದ ಹೇಳಿರಲಿಲ್ಲ. ಮಳೆ ಬಂದರೆ ನೆನೆಯುತ್ತೇವೆ ಅಂದಷ್ಟೇ ಸಹಜವಾಗಿ ಹೇಳಿದ್ದ. ಆ ಮಾತಿನ ಅರ್ಥ ನನಗೆ ಆಗಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮುಂದೆ ಎಂಜಿನಿಯರಿಂಗ್ ಓದುವಾಗ ನಮಗೆ ಸರದಿ ಸಾಲಿನ ಗಣಿತ ಪಾಠವಿತ್ತು. ಆ ಶಾಸ್ತ್ರ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ, ಕರೆಗಳು ಎಷ್ಟು ಬರುತ್ತವೆ, ಅವಕ್ಕೆ ಎಷ್ಟು ಲೈನು ಬೇಕು ಎಂಬ ಲೆಕ್ಕ ಹಿಡಿದು 1909ರಲ್ಲಿ ಮೊದಲ ಲೇಖನ ಬರೆದ. ಏಣಿ ಹೊತ್ತ ಒಬ್ಬ ಕೆಲಸಗಾರನನ್ನು ಜೊತೆಗೆ ಕರೆದುಕೊಂಡು ಆತ ಊರಿನ ಬೀದಿಗಳಲ್ಲಿ ತಿರುಗುತ್ತಿದ್ದನಂತೆ. ಮ್ಯಾನ್‌ಹೋಲುಗಳಲ್ಲಿ ಇಳಿದು ತಾನೇ ಅಳತೆ ತೆಗೆಯುತ್ತಿದ್ದನಂತೆ. ಮೇಷ್ಟ್ರು ಈ ಕಥೆಯನ್ನು ಸೂತ್ರಕ್ಕಿಂತ ಮೊದಲು ಹೇಳಿದ್ದರು. ಅದಕ್ಕೆ ನಾನು ಇವತ್ತಿಗೂ ಋಣಿ.

ಆಮೇಲೆ ಅವರು ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದರು. ಗಾಡಿ ಇಳಿಸುವ ಕಟ್ಟೆ ಒಂದೇ, ಒಂದು ಗಾಡಿ ಖಾಲಿ ಮಾಡಲು ಸರಾಸರಿ 6 ನಿಮಿಷ. ಗಾಡಿಗಳು ಹೇಳಿಕೇಳಿ ಬರುವುದಿಲ್ಲ, ಒಮ್ಮೆ ಒಟ್ಟಾಗಿ ಬರುತ್ತವೆ, ಒಮ್ಮೆ ಬರುವುದೇ ಇಲ್ಲ; ಖಾಲಿ ಮಾಡುವ ಹೊತ್ತೂ ಹಾಗೇ ಹೆಚ್ಚುಕಡಿಮೆ. ಕಟ್ಟೆ ದಿನದ ನೂರಕ್ಕೆ 80 ಪಾಲು ಕೆಲಸದಲ್ಲಿದ್ದರೆ ಒಂದು ಗಾಡಿ ಸರಾಸರಿ 24 ನಿಮಿಷ ಕಾಯುತ್ತದೆ. 90 ಪಾಲು ಆದರೆ 54 ನಿಮಿಷ. 95 ಪಾಲು ಆದರೆ 114 ನಿಮಿಷ. ಕೆಲಸ ಹೆಚ್ಚಾದದ್ದು ಸ್ವಲ್ಪ, ಕಾಯುವುದು ಹೆಚ್ಚಾದದ್ದು ಐದು ಪಟ್ಟಿನ ಸಮೀಪ. ಯಂತ್ರ ಒಂದು ನಿಮಿಷವೂ ಸುಮ್ಮನೆ ನಿಲ್ಲಬಾರದು ಎಂದು ಯಜಮಾನ ಪಟ್ಟು ಹಿಡಿದರೆ, ಆ ಪಟ್ಟಿನ ಬೆಲೆಯನ್ನು ಸಾಲಿನಲ್ಲಿ ನಿಂತವನು ತೆರುತ್ತಾನೆ. ಆ ಅಂಕಿಗಳಲ್ಲಿ ನನಗೆ ಅಪ್ಪನ ಗಾಡಿ ಕಂಡಿತು.

ಸೂತ್ರಕ್ಕೆ ಒಗ್ಗದಷ್ಟು ಗೋಜಲಿನ ಸಾಲುಗಳಿಗೆ ಇನ್ನೊಂದು ದಾರಿಯಿದೆ ಎಂದು ಅದೇ ಮೇಷ್ಟ್ರು ತೋರಿಸಿದರು. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದ. ಆಟ ಗೆಲ್ಲುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಿ ಹಾಕಿ ಸೋತವನಿಗೆ, ನೂರು ಸಲ ಎಲೆ ಹಂಚಿ ಎಷ್ಟು ಸಲ ಗೆದ್ದೆ ಎಂದು ಎಣಿಸಿದರೆ ಸಾಕಲ್ಲ ಅನ್ನಿಸಿತು. ಆ ಯೋಚನೆಯನ್ನು ಅವನೂ ಜಾನ್ ಫಾನ್ ನಾಯ್‌ಮನ್ನನೂ ಕಂಪ್ಯೂಟರಿಗೆ ಒಗ್ಗಿಸಿದರು. ಸಿಮ್ಯುಲೇಶನ್ ಅನ್ನುವುದರ ಒಂದು ಬೇರು ಅಲ್ಲಿದೆ. 1961ರಲ್ಲಿ ಐಬಿಎಂನ ಜೆಫ್ರಿ ಗಾರ್ಡನ್ ಸಾಲುಗಳನ್ನು ಓಡಿಸಿ ನೋಡಲೆಂದೇ ಜಿಪಿಎಸ್‌ಎಸ್ ಎಂಬ ಭಾಷೆ ಕಟ್ಟಿದ. ನಮ್ಮ ಕಾಲೇಜಿನಲ್ಲಿ ಅದಿರಲಿಲ್ಲ. ಮೇಷ್ಟ್ರು ಯಾದೃಚ್ಛಿಕ ಅಂಕಿಗಳ ಒಂದು ಹಾಳೆ, ಒಂದು ಉದ್ದನೆಯ ಖಾತೆ ಪುಸ್ತಕ ಕೊಟ್ಟರು. ಒಂದೊಂದು ಸಾಲು ಒಂದೊಂದು ಗಾಡಿ: ಬಂದ ಹೊತ್ತು, ಸರದಿ ಸಿಕ್ಕ ಹೊತ್ತು, ಹೋದ ಹೊತ್ತು, ಕಾಯ್ದ ಹೊತ್ತು. ಒಂದು ರಾತ್ರಿಯಲ್ಲಿ ಇನ್ನೂರು ಗಾಡಿ ಓಡಿಸಿದೆ. ಮೊದಲ ಕಾಲಂ ಇಲ್ಲದೆ ಕೊನೆಯ ಕಾಲಂ ತುಂಬಲು ಬರುವುದಿಲ್ಲ ಎಂಬುದನ್ನು ಆ ರಾತ್ರಿ ಬೆರಳುಗಳೇ ಕಲಿತವು.

1991ರ ಹಂಗಾಮಿನಲ್ಲಿ ನಾನೂ ಇನ್ನಿಬ್ಬರು ಗೆಳೆಯರೂ ಒಂದು ಸಕ್ಕರೆ ಕಾರ್ಖಾನೆಗೆ ಸಲಹೆಗಾರರಾಗಿ ಹೋದೆವು. ದಿನಕ್ಕೆ 2500 ಟನ್ ಕಬ್ಬು ನುರಿಸುವ ಕಾರ್ಖಾನೆ. ಅಂದರೆ ಗಂಟೆಗೆ 104 ಟನ್. ಆಡಳಿತದವರಿಗೆ ಚಿಂತೆ ಎರಡು. ಅಂಗಳ ತುಂಬಿ ಗಾಡಿಗಳು ರಸ್ತೆಯವರೆಗೆ ನಿಲ್ಲುತ್ತಿದ್ದವು. ಅಷ್ಟು ಕಬ್ಬು ನಿಂತಿದ್ದರೂ ನಸುಕಿನ ಹೊತ್ತಿಗೆ ಗಾಣಕ್ಕೆ ಕಬ್ಬು ಸಾಲುತ್ತಿರಲಿಲ್ಲ. ಇಳಿಸುವ ಕ್ರೇನು ಇನ್ನೊಂದು ಕೊಂಡರೆ ಸರಿಹೋದೀತು, ಅದನ್ನು ಲೆಕ್ಕ ಹಾಕಿ ಹೇಳಿ ಅಂದರು.

ಕಾರ್ಖಾನೆಯಲ್ಲಿ ದಾಖಲೆಗಳಿಗೆ ಕೊರತೆ ಇರಲಿಲ್ಲ. ಕಟಾವು ಚೀಟಿಗಳ ರಜಿಸ್ಟರು, ಕಾಟಾ ರಜಿಸ್ಟರು, ಗಾಣ ನಿಂತ ಹೊತ್ತಿನ ಪುಸ್ತಕ, ಗಂಟೆಗಂಟೆಗೂ ರಸದ ಪರೀಕ್ಷೆ ಮಾಡಿ ಬರೆದ ಪ್ರಯೋಗಾಲಯದ ಪುಸ್ತಕ. ಮೂರು ದಿನ ಅವನ್ನು ಓದಿದೆವು. ಗಾಡಿ ಎಷ್ಟು ಹೊತ್ತು ಕಾಯಿತು ಎಂಬುದು ಮಾತ್ರ ಎಲ್ಲೂ ಸಿಗಲಿಲ್ಲ. ಕಾಟಾ ರಜಿಸ್ಟರಿನಲ್ಲಿ ‘ಒಳಬಂದ ವೇಳೆ’ ಎಂಬ ಕಾಲಂ ಇತ್ತು. ಅದರಲ್ಲಿ ಬರೆಯುತ್ತಿದ್ದದ್ದು ಗಾಡಿ ಕಾಟಾ ಹತ್ತಿದ ವೇಳೆ. ಆ ಪುಸ್ತಕವನ್ನು ನಂಬಿದರೆ ಯಾವ ಗಾಡಿಯೂ ಅರ್ಧ ಗಂಟೆಗಿಂತ ಹೆಚ್ಚು ಕಾರ್ಖಾನೆಯಲ್ಲಿ ಇರುತ್ತಿರಲಿಲ್ಲ.

ಕಿಟಕಿಯಿಂದ ನೋಡಿದರೆ ನೂರಾರು ಗಾಡಿ. ಪುಸ್ತಕದಲ್ಲಿ ಒಂದೂ ಇಲ್ಲ. ಅಪ್ಪನ ಮಾತು ಆಗ ನನಗೆ ಪೂರ್ತಿ ತಿಳಿಯಿತು. ಯಾರೂ ಮೋಸ ಮಾಡಿರಲಿಲ್ಲ. ಕಾರ್ಖಾನೆ ತನ್ನ ದುಡ್ಡು ಖರ್ಚಾಗುವ ಕಡೆಯೆಲ್ಲ ಗಡಿಯಾರ ಇಟ್ಟಿತ್ತು. ಅಂಗಳದಲ್ಲಿ ಖರ್ಚಾಗುತ್ತಿದ್ದದ್ದು ರೈತನ ಹೊತ್ತು, ಎತ್ತಿನ ಕಸುವು. ಅದಕ್ಕೆ ಖಾತೆ ತೆರೆಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ನಾವು ಗೇಟಿನಲ್ಲಿ ನಿಂತೆವು. ಬಂದ ಪ್ರತಿ ಗಾಡಿಯ ನೊಗದ ಮೇಲೆ, ಪ್ರತಿ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ, ಸೀಮೆಸುಣ್ಣದಿಂದ ಒಂದು ನಂಬರು, ನೋಟ್‌ಬುಕ್ಕಿನಲ್ಲಿ ಅದರ ಎದುರಿಗೆ ಬಂದ ಹೊತ್ತು. ಕಾಟಾದ ಹತ್ತಿರ ಇನ್ನೊಬ್ಬ, ಇಳಿಸುವ ಕಟ್ಟೆಯ ಹತ್ತಿರ ಮತ್ತೊಬ್ಬ. ಹಗಲು ರಾತ್ರಿ ಪಾಳಿ ಮಾಡಿ ಮೂರು ವಾರ ಬರೆದೆವು. ಮೊದಲ ದಿನ ಒಬ್ಬ ಹಿರಿಯ ಗಾಡಿಯವರು, “ಸಾಹೇಬ್ರ, ಗಡಿಯಾರ ನೋಡಿದ್ರ ಗಾಡಿ ಮುಂದ ಸರೀತದೇನ್ರಿ?” ಅಂದರು. “ಸರಿಯೂದಿಲ್ಲ ಕಾಕಾ, ಆದ್ರ ಎಷ್ಟ್ ಹೊತ್ತು ನಿಂತಿತ್ತು ಅನ್ನೂದು ಒಳಗಿನವರಿಗೆ ಗೊತ್ತಾಗ್ತದ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಬರ್ಕೊರಿ, ನಿನ್ನೆ ಮಧ್ಯಾಹ್ನದಿಂದ ಬರ್ಕೊರಿ” ಅಂದರು.

ಎರಡು ಗಂಟೆಗೊಮ್ಮೆ ಅಂಗಳದಲ್ಲಿದ್ದ ಗಾಡಿಗಳನ್ನೂ ಎಣಿಸುತ್ತಿದ್ದೆವು. ಸರಾಸರಿ 480 ಬಂತು. ಖಾಲಿಯಾಗಿ ಹೊರಗೆ ಹೋಗುತ್ತಿದ್ದದ್ದು ಗಂಟೆಗೆ 24. 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಸಾಧಿಸಿ ತೋರಿಸಿದ ನಿಯಮ ತೀರ ಸರಳ: ನಿಂತವರ ಸರಾಸರಿ ಸಂಖ್ಯೆಯನ್ನು ಗಂಟೆಗೆ ಹೊರಡುವವರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬೊಬ್ಬರು ಕಳೆದ ಸರಾಸರಿ ಹೊತ್ತು ಸಿಗುತ್ತದೆ. 480ನ್ನು 24ರಿಂದ ಭಾಗಿಸಿದರೆ 20 ಗಂಟೆ. ಸೀಮೆಸುಣ್ಣದ ಲೆಕ್ಕವೂ ಅದರ ಆಸುಪಾಸಿನಲ್ಲೇ ಬಂತು. ನಮ್ಮ ಗಡಿಯಾರಗಳು ನಿಜ ಹೇಳುತ್ತಿವೆ ಎಂಬ ಧೈರ್ಯ ಬಂದದ್ದು ಆಗಲೇ.

ಕತ್ತರಿಸಿದ ಕಬ್ಬು ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಕಡಿದ ಗಳಿಗೆಯಿಂದ ಅದರೊಳಗಿನ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯಲು ತೊಡಗುತ್ತದೆ. ಆ ರೂಪದಲ್ಲಿ ಅದು ಹರಳುಗಟ್ಟುವುದಿಲ್ಲ, ಕಾಕಂಬಿಯ ಜೊತೆ ಹರಿದುಹೋಗುತ್ತದೆ. ಕಡಿದ ಬಾಯಿಂದ ಬ್ಯಾಕ್ಟೀರಿಯಾ ಒಳಹೊಕ್ಕು ರಸ ಲೋಳೆಯಾಗುತ್ತದೆ. ಬಿಸಿಲಿಗೆ ನೀರು ಆರುತ್ತದೆ. ನೀರು ಆರಿದರೆ ತೂಕ ಇಳಿದು ರೈತನಿಗೆ ನಷ್ಟ; ಸಕ್ಕರೆ ಒಡೆದರೆ ಇಳುವರಿ ಇಳಿದು ಕಾರ್ಖಾನೆಗೂ ನಷ್ಟ. ಪ್ರಯೋಗಾಲಯದ ಮುಖ್ಯಸ್ಥರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೆ ಗಾಣಕ್ಕೆ ಬಿದ್ದ ಕಬ್ಬು ಎಷ್ಟು ಗಂಟೆ ಹಳೆಯದು ಎಂದು ತಿಳಿಯಲು ಅವರ ಹತ್ತಿರವೂ ದಾರಿ ಇರಲಿಲ್ಲ. ನಮ್ಮ ನೋಟ್‌ಬುಕ್ಕಿನ ಹೊತ್ತನ್ನೂ ತಮ್ಮ ಪುಸ್ತಕದ ಇಳುವರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನ ಅವರು ನಮ್ಮ ಕಡೆಯವರಾದರು.

ಅಂಗಳವನ್ನು ಕಂಪ್ಯೂಟರಿನೊಳಗೆ ಕಟ್ಟಲು ಕೂತೆವು. ಪಾಸ್ಕಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು. ಗಾಡಿ ಬರುತ್ತದೆ, ಸಾಲು ಸೇರುತ್ತದೆ, ತೂಕವಾಗುತ್ತದೆ, ಇಳಿಯುತ್ತದೆ, ಖಾಲಿ ತೂಕ ಮಾಡಿಸಿ ಹೋಗುತ್ತದೆ. ಒಂದು ಹಂಗಾಮನ್ನು ಓಡಿಸಲು ಆ ಕಾಲದ ಕಂಪ್ಯೂಟರಿಗೆ ಒಂದು ರಾತ್ರಿ ಬೇಕಾಗುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ ನಮ್ಮ ಮಾದರಿಯಲ್ಲಿ ಗಾಡಿಗಳು 11 ಗಂಟೆ ಕಾಯುತ್ತಿದ್ದವು. ಹೊರಗಿನ ಅಂಗಳದಲ್ಲಿ 20. ಎಷ್ಟು ತಿದ್ದಿದರೂ ಆ ಅಂತರ ಮುಚ್ಚಲಿಲ್ಲ.

ಒಂದು ತಪ್ಪು ನಮಗೇ ಸಿಕ್ಕಿತು. ಗಾಣ ನಿಂತ ಹೊತ್ತನ್ನು ನಾವು ಇಡೀ ದಿನಕ್ಕೆ ಸಮನಾಗಿ ಹಂಚಿಬಿಟ್ಟಿದ್ದೆವು. ಗಾಣ ಹಾಗೆ ನಿಲ್ಲುವುದಿಲ್ಲ. ನಾಲ್ಕು ದಿನ ಚೆನ್ನಾಗಿ ಓಡಿ, ಐದನೆಯ ದಿನ ಬಾಯ್ಲರಿನ ಟ್ಯೂಬು ಒಡೆದು ಒಮ್ಮೆಗೇ ಎಂಟು ಗಂಟೆ ನಿಲ್ಲುತ್ತದೆ. ಆ ಎಂಟು ಗಂಟೆಯಲ್ಲಿ ಕಟ್ಟಿದ ಸಾಲು ಕರಗಲು ಎರಡು ಮೂರು ದಿನ ಬೇಕು. ಸರಾಸರಿ ಎಂಬ ಅಂಕಿ ಆ ಎಂಟು ಗಂಟೆಯನ್ನು ನುಂಗಿ ನಮಗೆ ಕಾಣದಂತೆ ಮಾಡಿತ್ತು.

ಎರಡನೆಯ ತಪ್ಪನ್ನು ತೋರಿಸಿದವರು ಅಂಗಳದ ಸೂಪರ್‌ವೈಜರ್. ಏಳನೇ ಇಯತ್ತೆವರೆಗೆ ಓದಿದ್ದವರು, ಇಪ್ಪತ್ತು ಹಂಗಾಮು ಆ ಅಂಗಳದಲ್ಲೇ ಕಳೆದಿದ್ದವರು. ಪರದೆಯ ಮೇಲೆ ಸರಿಯುತ್ತಿದ್ದ ಚುಕ್ಕೆಗಳನ್ನು ಬಹಳ ಹೊತ್ತು ನೋಡಿ, “ಸರ್, ನಿಮ್ಮ ಗಾಡಿಗೆ ಎತ್ತು ಹೂಡಿಲ್ಲ” ಅಂದರು. ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಗಾಡಿ ಅಂಗಳಕ್ಕೆ ಬಂದೊಡನೆ ಎತ್ತು ಬಿಚ್ಚುತ್ತಾರೆ, ನೀರಿಗೆ ಒಯ್ಯುತ್ತಾರೆ, ಹಸಿ ಸೋಗೆ ಹಾಕುತ್ತಾರೆ. ಸರದಿ ಬಂದಾಗ ಮತ್ತೆ ಹೂಡಬೇಕು. ನಸುಕಿನಲ್ಲಿ ಗಾಡಿಯವನು ನಿದ್ದೆಯಲ್ಲಿರುತ್ತಾನೆ. ಮುಂದಿನವನು ಏಳುವವರೆಗೆ ಹಿಂದಿನ ಐವತ್ತು ಗಾಡಿ ನಿಲ್ಲುತ್ತವೆ. ಅಂಗಳ ತುಂಬ ಕಬ್ಬಿದ್ದೂ ಗಾಣ ಹಸಿದು ನಿಲ್ಲುವುದು ಆ ಹೊತ್ತಿಗೇ.

ಚಿಕ್ಕಂದಿನಲ್ಲಿ ಎರಡು ರಾತ್ರಿ ಗಾಡಿಯ ಕೆಳಗೆ ಮಲಗಿದ್ದ ನನಗೇ ಅದು ಗೊತ್ತಿತ್ತು. ಅಪ್ಪ ದಡಬಡಿಸಿ ಎದ್ದು ಎತ್ತು ಹೂಡುವುದನ್ನು ಕಣ್ಣಾರೆ ಕಂಡಿದ್ದೆ. ಕಂಪ್ಯೂಟರಿನ ಮುಂದೆ ಕೂತಾಗ ಗಾಡಿ ಒಂದು ಚುಕ್ಕೆಯಾಯಿತು, ಎತ್ತು ಮರೆತುಹೋಯಿತು. ಎರಡೂ ತಪ್ಪು ತಿದ್ದಿ ಓಡಿಸಿದಾಗ ಮಾದರಿಯ ಕಾಯುವಿಕೆ 19 ಗಂಟೆಯ ಮೇಲೆ ಬಂತು. ಅಲ್ಲಿಂದ ಮುಂದೆ ನಾವು ಅದನ್ನು ನಂಬಬಹುದಾಗಿತ್ತು.

ಸಿಮ್ಯುಲೇಶನ್ ಕೊಡುವ ದೊಡ್ಡ ಸೌಲಭ್ಯ ಇದು: ಯಾರಿಗೂ ತೊಂದರೆ ಕೊಡದೆ ತಪ್ಪು ಮಾಡಿ ನೋಡಬಹುದು. ನಿಜವಾದ ಅಂಗಳದಲ್ಲಿ ಒಂದು ಹಂಚಿಕೆ ಕೆಟ್ಟರೆ ಐನೂರು ಸಂಸಾರ ಬೀದಿಯಲ್ಲಿ ಮಲಗಬೇಕು. ಮೊದಲು ಆಡಳಿತದವರು ಕೇಳಿದ ಕ್ರೇನನ್ನೇ ಹಾಕಿ ಓಡಿಸಿದೆವು. ಕಾಯುವುದು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಕಬ್ಬು ಬೇಗ ಇಳಿದು ಗಾಣದ ಬಾಯಲ್ಲಿ ಗುಡ್ಡೆಯಾಯಿತು. ಗಾಣ ಗಂಟೆಗೆ 104 ಟನ್ನಿಗಿಂತ ಹೆಚ್ಚು ತಿನ್ನಲಿಲ್ಲ. ಕೊರಳು ಇಕ್ಕಟ್ಟಾದ ಕೊಡಕ್ಕೆ ಬಾಯಿ ಅಗಲ ಮಾಡಿದರೆ ನೀರು ಬೇಗ ಹೊರಬರುವುದಿಲ್ಲ.

ಆಮೇಲೆ, ಯಾರ ಕಬ್ಬು ಯಾವಾಗ ಕಡಿಯಬೇಕೆಂದು ಹೇಳುವ ಕಟಾವು ಚೀಟಿಗಳ ಕಡೆ ತಿರುಗಿದೆವು. ಒಂದು ದಿನದ ಚೀಟಿಗಳನ್ನೆಲ್ಲ ಹಿಂದಿನ ಸಂಜೆ ಒಮ್ಮೆಗೇ ಹಂಚುತ್ತಿದ್ದರು. ಕಬ್ಬು ಕಡಿಯುವ ಎಲ್ಲ ಗ್ಯಾಂಗುಗಳೂ ನಸುಕಿಗೇ ಪಡಕ್ಕಿಳಿಯುತ್ತಿದ್ದವು, ಎಲ್ಲ ಗಾಡಿಗಳೂ ಮಧ್ಯಾಹ್ನದ ಮೇಲೆ ಒಟ್ಟಿಗೆ ಬರುತ್ತಿದ್ದವು. ಗಾಣಕ್ಕೆ ಇಪ್ಪತ್ನಾಲ್ಕು ತಾಸಿನ ಹಸಿವು, ಕಬ್ಬು ಬರುವುದು ಆರು ತಾಸಿನಲ್ಲಿ. ಮಾದರಿಯಲ್ಲಿ ನಾವು ಮೂರು ಬದಲಾವಣೆ ಮಾಡಿದೆವು. ಊರಿನ ದೂರ ನೋಡಿ ಚೀಟಿಗಳನ್ನು ಮೂರು ಪಾಳಿಗೆ ಹಂಚಿದೆವು. ಎತ್ತಿನ ಗಾಡಿ, ಟ್ರ್ಯಾಕ್ಟರುಗಳಿಗೆ ಬೇರೆ ಬೇರೆ ಸಾಲು ಮಾಡಿ, ಹಗಲಿಗೆ ಗಾಡಿಯ ಕಬ್ಬು, ರಾತ್ರಿಗೆ ಟ್ರ್ಯಾಕ್ಟರಿನ ಕಬ್ಬು ಎಂದು ಗೊತ್ತುಮಾಡಿದೆವು. ಗಾಣ ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲುವಂತಿದ್ದರೆ ಆ ಸುದ್ದಿ ಕೂಡಲೇ ಹಳ್ಳಿಗಳ ಫೀಲ್ಡ್‌ಮನ್‌ಗಳಿಗೆ ಮುಟ್ಟಬೇಕು, ಕಟಾವು ನಿಲ್ಲಬೇಕು ಎಂದು ಕಟ್ಟು ಮಾಡಿದೆವು. ಮೂರನೆಯದಕ್ಕೆ ಒಂದು ಟೆಲಿಫೋನು, ಟೆಲಿಫೋನು ಇಲ್ಲದ ಕಡೆ ಮೋಟರ್‌ಸೈಕಲ್ ಮೇಲೆ ಹೋಗುವ ಒಬ್ಬ ಹುಡುಗ, ಇಷ್ಟೇ ಖರ್ಚು. ನಿಂತ ಕಬ್ಬು ಹೊಲದಲ್ಲಿ ಕೆಡುವುದಿಲ್ಲ, ಕಡಿದ ಕಬ್ಬು ಅಂಗಳದಲ್ಲಿ ಕೆಡುತ್ತದೆ. ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಅದು ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ಅಂಕಿಗಳಲ್ಲಿ ಕಂಡದ್ದು ಅದೇ ಮೊದಲು.

ಮಾದರಿಯ ಬದಲಾವಣೆಗಳನ್ನು ನಿಜವಾದ ಅಂಗಳಕ್ಕೆ ತರುವಾಗ, ಚೀಟಿ ಹಂಚುವ ಅಧಿಕಾರ ಕೈಬಿಡಲು ಕೆಲವರಿಗೆ ಮನಸ್ಸಿರಲಿಲ್ಲ. ರಾತ್ರಿ ಬರುವುದಕ್ಕೆ ಟ್ರ್ಯಾಕ್ಟರಿನವರು ಒಪ್ಪಲಿಲ್ಲ; ಆ ಸಾಲಿನಲ್ಲಿ ಕಾಯುವುದು ಕಡಿಮೆ ಎಂದು ಒಂದು ವಾರ ಕಂಡಮೇಲೆ ಅವರೇ ಕೇಳಿಕೊಂಡು ಬಂದರು. ಗೇಟಿನಲ್ಲಿ ಒಬ್ಬ ಗುಮಾಸ್ತರನ್ನು ಕೂರಿಸಿ, ಪ್ರತಿ ಗಾಡಿಗೆ ಬಂದ ಹೊತ್ತು ಬರೆದ ಟೋಕನ್ ಕೊಡತೊಡಗಿದರು. ಮುಂದಿನ ಹಂಗಾಮಿನ ಕೊನೆಗೆ ಗಾಡಿಗಳ ಸರಾಸರಿ ಕಾಯುವಿಕೆ 9 ಗಂಟೆಗೆ ಇಳಿದಿತ್ತು. ಕ್ರೇನು ಕೊಳ್ಳಲಿಲ್ಲ. ಬೆಳಿಗ್ಗೆ ಬಂದ ಗಾಡಿಯವನು ರಾತ್ರಿಯಾಗುವುದರೊಳಗೆ ಮನೆ ಮುಟ್ಟುತ್ತಿದ್ದ. ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ಕಂಪನಿಗಳ ಕೆಲಸ ಮಾಡಿದ್ದೇನೆ. ಇದಕ್ಕಿಂತ ಹೆಚ್ಚು ಹೆಮ್ಮೆ ಯಾವುದರ ಬಗೆಗೂ ಇಲ್ಲ.

ಕೆಲವು ವರ್ಷಗಳ ಮೇಲೆ ಅದೇ ಕಾರ್ಖಾನೆಗೆ ಹೋಗಿದ್ದೆ. ಕಾಟಾಕ್ಕೆ ಕಂಪ್ಯೂಟರ್ ಬಂದಿತ್ತು. ತೂಕ ತಾನೇ ದಾಖಲಾಗಿ, ಪಾವತಿ ಮುದ್ರಣವಾಗಿ, ಬಿಲ್ಲು ಬೇಗ ಆಗುತ್ತಿತ್ತು. ತೂಕದ ಬಗ್ಗೆ ತಕರಾರು ಕಡಿಮೆಯಾಗಿತ್ತು. ಸಂತೋಷವಾಯಿತು. ಗಾಡಿ ಅಂಗಳಕ್ಕೆ ಬಂದ ಹೊತ್ತು ಎಲ್ಲಿದೆ ಎಂದು ಕೌಂಟರಿನ ಹುಡುಗನನ್ನು ಕೇಳಿದೆ. “ಅಂಥಾ ಫೀಲ್ಡ್ ಇಲ್ರಿ ಸರ್. ರಿಪೋರ್ಟ್‌ನ್ಯಾಗ ಯಾರೂ ಕೇಳಂಗಿಲ್ಲ” ಅಂದ. ಹೊಸ ಸಾಫ್ಟ್‌ವೇರ್ ಮಾಡುವಾಗ ಯಾರು ಯಾವ ಮಾಹಿತಿ ಬೇಡುತ್ತಾರೆ ಎಂದು ಪಟ್ಟಿ ಮಾಡಿದ್ದರು. ಆ ಪಟ್ಟಿ ಮಾಡುವ ಕೋಣೆಯಲ್ಲಿ ಗಾಡಿಯವರು ಇರಲಿಲ್ಲ. ಟೋಕನ್ನಿನ ಗುಮಾಸ್ತರನ್ನು ಬೇರೆ ಕೆಲಸಕ್ಕೆ ಹಾಕಿದ್ದರು. ಹೊರಗೆ ಬಂದು ನೋಡಿದೆ. ಸಾಲು ಮತ್ತೆ ರಸ್ತೆಯವರೆಗೆ ಬಂದಿತ್ತು.

ಇದರಲ್ಲಿ ನಮ್ಮ ಪಾಲೂ ಇದೆ. ನಾವು ವರದಿ ಕೊಟ್ಟೆವು, ಮಾದರಿ ಕೊಟ್ಟೆವು. ಆ ಒಂದು ಕಾಲಂ ಯಾರ ಜವಾಬ್ದಾರಿ, ಅದನ್ನು ಪ್ರತಿ ವಾರ ಯಾರು ಓದಬೇಕು, ಅಂಕಿ ಏರಿದರೆ ಯಾರು ಉತ್ತರ ಹೇಳಬೇಕು ಎಂಬುದನ್ನು ಕಟ್ಟಿಕೊಡಲಿಲ್ಲ. ಯಾರೂ ಓದದ ಅಂಕಿಯನ್ನು ಯಾವ ವ್ಯವಸ್ಥೆಯೂ ಬಹಳ ದಿನ ಹೊತ್ತು ತಿರುಗುವುದಿಲ್ಲ.

ಗಡಿಯಾರವನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ ಎಲ್ಲರೂ ಮಾತಾಡಿದ್ದು ಕೌಂಟರಿನಲ್ಲಿ ನಿಂತಲ್ಲೇ ಸಿಗುವ ಪಹಣಿಯ ಬಗ್ಗೆ. ನನಗೆ ಹಿಡಿಸಿದ್ದು ಇನ್ನೊಂದು. ಖಾತೆ ಬದಲಾವಣೆಯ ಅರ್ಜಿ ಕೊಟ್ಟ ಕೂಡಲೇ ಅದು ದಾಖಲಾಗಿ, ಬಂದ ಸರದಿಯಲ್ಲೇ ಮುಂದೆ ಸರಿಯಬೇಕು ಎಂಬ ಕಟ್ಟನ್ನು ಸಾಫ್ಟ್‌ವೇರಿನೊಳಗೇ ಹೆಣೆದಿದ್ದರು. ಅರ್ಜಿದಾರ ಬಂದ ಹೊತ್ತಿಗೆ ಒಂದು ಬೆಲೆ ಬಂತು.

ಈಗ ಟ್ರ್ಯಾಕ್ಟರಿಗೆ ಜಿಪಿಎಸ್ ಹಾಕಬಹುದು, ಕಟಾವಿನ ಚೀಟಿ ಮೊಬೈಲಿಗೇ ಬರಬಹುದು. ನಾವು ಒಂದು ರಾತ್ರಿ ಓಡಿಸಿದ ಹಂಗಾಮನ್ನು ಇವತ್ತಿನ ಫೋನು ಗಳಿಗೆಯಲ್ಲಿ ಓಡಿಸೀತು. ಕಾರ್ಖಾನೆಯ ಪ್ರತಿರೂಪವನ್ನೇ ಕಂಪ್ಯೂಟರಿನಲ್ಲಿಟ್ಟು ಅದನ್ನು ಡಿಜಿಟಲ್ ಟ್ವಿನ್ ಎಂದು ಕರೆಯುತ್ತಾರೆ. ಈ ಕೆಲಸ ಕಲಿಯುತ್ತಿರುವ ಮಕ್ಕಳು ನನ್ನನ್ನು ಕಾಣಲು ಬಂದರೆ ಮೊದಲು ಎರಡು ಕೆಲಸ ಹೇಳುತ್ತೇನೆ. ಆಸ್ಪತ್ರೆಯಾಗಲಿ, ಎಪಿಎಂಸಿಯಾಗಲಿ, ಬಸ್ ಡಿಪೋ ಆಗಲಿ, ಸಾಲಿನ ಬಾಲದಲ್ಲಿ ಹೋಗಿ ಒಂದು ದಿನ ನಿಲ್ಲಿ. ಆಸ್ಪತ್ರೆಯ ಕಂಪ್ಯೂಟರಿನ ಲೆಕ್ಕದಲ್ಲಿ ರೋಗಿ ಬಂದದ್ದು ಚೀಟಿ ಮಾಡಿಸಿದಾಗ. ಆದರೆ ರೋಗಿಯಾಗಿ ಬಂದ ಅಜ್ಜಿ ನಸುಕಿನ ಬಸ್ಸಿಗೇ ಬಂದು ಬಾಗಿಲಲ್ಲಿ ಕೂತಿರುತ್ತಾಳೆ. ಆಮೇಲೆ ಅಲ್ಲಿ ಇಪ್ಪತ್ತು ವರ್ಷ ದುಡಿದವರನ್ನು ಕರೆದು ನಿಮ್ಮ ಮಾದರಿಯನ್ನು ತೋರಿಸಿ, ಎಲ್ಲಿ ಎತ್ತು ಹೂಡಿಲ್ಲ ಎಂದು ಕೇಳಿ.

ಅಪ್ಪ ತೀರಿಹೋಗಿ ಬಹಳ ವರ್ಷವಾಯಿತು. ಅವನ ತಗಡಿನ ಟ್ರಂಕಿನಲ್ಲಿ ಮೂವತ್ತು ಹಂಗಾಮಿನ ಪಾವತಿಗಳಿವೆ, ದಾರ ಕಟ್ಟಿ ಜೋಡಿಸಿಟ್ಟದ್ದು. ಪ್ರತಿಯೊಂದರಲ್ಲೂ ತಾರೀಖಿದೆ, ತೂಕವಿದೆ, ಕಾಟಾ ಹತ್ತಿದ ವೇಳೆ ಇದೆ. ಗಾಡಿ ಬಂದ ಹೊತ್ತು ಒಂದರಲ್ಲೂ ಇಲ್ಲ. ನೀವು ಕಟ್ಟುವ ವ್ಯವಸ್ಥೆಯಲ್ಲಿ ಆ ಒಂದು ಕಾಲಂ ಇರಲಿ, ಅದನ್ನು ಓದುವವರೊಬ್ಬರು ಇರಲಿ.